ಹಬ್ಬದ ದಿನ ಶುಗರ್ ಮಾತ್ರೆ ಎಷ್ಟು ಹೊತ್ತಿಗೆ?

ದಸರಾದಿಂದ ಯುಗಾದಿವರೆಗೆ ದಾವಣಗೆರೆ ಸೀಮೆಯಲ್ಲಿ ಹಬ್ಬ, ಜಾತ್ರೆ, ಮದುವೆಗಳಿಗೆ ಬಿಡುವಿಲ್ಲ. ಈ ದಿನಗಳಲ್ಲಿ ಸಕ್ಕರೆ ಕಾಯಿಲೆಯವರು ಹೆಚ್ಚಾಗಿ ಕೇಳುವುದು ಒಂದೇ ಮಾತು: 'ಹೋಳಿಗೆ ತಿನ್ನಬಹುದಾ ಡಾಕ್ಟ್ರೇ?' ಅದಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಪೂಜೆ ಮುಗಿಸಿ ಊಟಕ್ಕೆ ಕೂರುವುದೇ ಎರಡು ಗಂಟೆಗೆ ಎಂದಾದರೆ ಬೆಳಗಿನ ಮಾತ್ರೆಯ ಗತಿ ಏನು? ಒಂದು ಹೋಳಿಗೆಯಿಂದ ಆಗುವ ಅಪಾಯಕ್ಕಿಂತ ಹೊತ್ತು ತಪ್ಪಿದ ಊಟದಿಂದ ಆಗುವ ಅಪಾಯ ದೊಡ್ಡದು, ಅದೂ ಕೆಲವೇ ಗಂಟೆಗಳಲ್ಲಿ ಆಗುವಂಥದ್ದು.

ಹಿರಿಯರಿಗೆ ಎಡೆ ಇಡುವ ದಿನವನ್ನೇ ತೆಗೆದುಕೊಳ್ಳಿ. ಎಡೆ ಆಗುವವರೆಗೆ ಮನೆಯ ದೊಡ್ಡವರು ಏನೂ ಬಾಯಿಗೆ ಹಾಕುವುದಿಲ್ಲ. ಆದರೆ ಮಾತ್ರೆ ಮಾತ್ರ ಅಭ್ಯಾಸಬಲದಿಂದ ಎಂಟು ಗಂಟೆಗೇ ಹೊಟ್ಟೆ ಸೇರಿರುತ್ತದೆ. ಅದು ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಜೈಡ್ ಇರುವ ಮಾತ್ರೆಯಾದರೆ, ನೀವು ತಿಂದಿದ್ದೀರೋ ಇಲ್ಲವೋ ನೋಡದೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸಿ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ಬೆವರು, ಕೈ ನಡುಕ, ಎದೆ ಡವಡವ, ಸುಮ್ಮಸುಮ್ಮನೆ ಸಿಟ್ಟು ಶುರು. ಮನೆಯವರು ಅದನ್ನು ಉಪವಾಸದ ಸುಸ್ತು ಎಂದುಕೊಂಡು 'ಇನ್ನೇನು, ಮಂಗಳಾರತಿ ಆಯ್ತು' ಎಂದು ಕೂರಿಸಿರುತ್ತಾರೆ. ಬೀಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ ಮತ್ತು ಡವಡವ ಅಷ್ಟಾಗಿ ಕಾಣುವುದೇ ಇಲ್ಲ. ಅವರಲ್ಲಿ ಬೆವರೊಂದೇ ಸುಳಿವು.

ಆದ್ದರಿಂದ ಹಬ್ಬಕ್ಕೆ ವಾರ ಮೊದಲೇ ಮಾತ್ರೆಯ ಪಟ್ಟಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ, ಯಾವುದನ್ನು ಮುಂದೂಡಬೇಕು ಎಂದು ಗುರುತು ಹಾಕಿಸಿಕೊಳ್ಳಿ. ಮೇಲೆ ಹೇಳಿದ ಮಾತ್ರೆಗಳು ದಿನದ ಮೊದಲ ಊಟದ ಜೊತೆಗೇ ಹೋಗಬೇಕು. ಊಟ ಎರಡು ಗಂಟೆಗೆ ಅಂದರೆ ಮಾತ್ರೆಯೂ ಆಗಲೇ. ಬೆಳಿಗ್ಗೆ ಚುಚ್ಚಿಕೊಳ್ಳುವ 30/70 ಮಿಶ್ರಣದ ಇನ್ಸುಲಿನ್‌ಗೂ ಇದೇ ಎಚ್ಚರಿಕೆ: ಎಲೆ ಹಾಕುವುದು ಖಚಿತವಾಗುವವರೆಗೆ ಚುಚ್ಚಬಾರದು. ದಿನಕ್ಕೊಮ್ಮೆ ತೆಗೆದುಕೊಳ್ಳುವ ಗ್ಲಾರ್ಜಿನ್ ಇನ್ಸುಲಿನ್ ಹಾಗಲ್ಲ, ಉಪವಾಸವಿದ್ದರೂ ಅದನ್ನು ಪೂರ್ತಿ ಬಿಡಬಾರದು. ಪ್ರಮಾಣ ಇಳಿಸಬೇಕೋ ಎಂಬುದನ್ನು ವೈದ್ಯರು ಹೇಳುತ್ತಾರೆ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಈ ಭಯ ತೀರಾ ಕಡಿಮೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಬೇರೆ ಜಾತಿಯವು. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವಾಗ ನೀರನ್ನೂ ಎಳೆದೊಯ್ಯುತ್ತವೆ. ನೀರೂ ಕುಡಿಯದ ಉಪವಾಸ ಮಾಡುವವರು ಇವನ್ನು ತೆಗೆದುಕೊಂಡರೆ ದೇಹ ಒಣಗಿ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುವ ಸಂಭವವಿದೆ.

ಸಕ್ಕರೆ ಇಳಿದಾಗ ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ಒಂದು ತಪ್ಪು ನಡೆಯುತ್ತದೆ: ತುಪ್ಪ ಹಾಕಿದ ಹೋಳಿಗೆಯನ್ನೋ ಪೇಡೆಯನ್ನೋ ಬಾಯಿಗಿಡುತ್ತಾರೆ. ಸಿಹಿಯೇನೋ ಹೌದು, ಆದರೆ ಅದರಲ್ಲಿರುವ ಜಿಡ್ಡು ಜಠರವನ್ನು ನಿಧಾನ ಮಾಡುವುದರಿಂದ ಸಕ್ಕರೆ ರಕ್ತಕ್ಕೆ ಸೇರಲು ತಡವಾಗುತ್ತದೆ. ಬೇಕಾದದ್ದು ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆ, ಅರ್ಧ ಲೋಟ ನೀರಿನಲ್ಲಿ ಕರಗಿಸಿದ್ದು. 15 ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಿ. ಆಗಲೂ 70ಕ್ಕಿಂತ ಕಡಿಮೆ ಇದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಏರಿದ ಮೇಲೆ ಎರಡು ಇಡ್ಲಿಯೋ ಸ್ವಲ್ಪ ಅನ್ನವೋ ತಿನ್ನಿಸಿ. ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ವಯಸ್ಸಾದವರು, ಕಿಡ್ನಿ ತೊಂದರೆ ಇರುವವರಲ್ಲಿ ಗ್ಲಿಮೆಪಿರೈಡ್ ಪ್ರಭಾವ ಗಂಟೆಗಟ್ಟಲೆ ಉಳಿಯುತ್ತದೆ. ಅಂಥವರು ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹುಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ಇನ್ನು ಹೋಳಿಗೆ. ಅಂಗೈ ಅಗಲದ ಒಂದು ಬೇಳೆ ಹೋಳಿಗೆಯಲ್ಲಿ ಅಂದಾಜು 25 ಗ್ರಾಂ ಮೈದಾ, 20 ಗ್ರಾಂ ಬೇಳೆ, 25 ಗ್ರಾಂ ಬೆಲ್ಲ ಇರುತ್ತದೆ. ಲೆಕ್ಕ ಹಾಕಿದರೆ 50 ಗ್ರಾಂಗೆ ಮೇಲ್ಪಟ್ಟ ಪಿಷ್ಟ ಮತ್ತು ಸಕ್ಕರೆ. 200 ಗ್ರಾಂ ಅನ್ನದಲ್ಲಿ ಇರುವಷ್ಟು. 'ಬೆಲ್ಲದ್ದಲ್ವಾ, ಏನಾಗಲ್ಲ' ಅನ್ನುವ ಸಮಾಧಾನ ಬೇಡ, ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ. ಹೋಳಿಗೆ ಬೇಕೆಂದರೆ ಒಂದು ಹಾಕಿಸಿಕೊಳ್ಳಿ, ಅಂದು ಅನ್ನ ಬಿಡಿ. ಮೊದಲು ಕೋಸಂಬರಿ, ಪಲ್ಯ, ಕಾಳು ತಿಂದು ಹೋಳಿಗೆಯನ್ನು ಕೊನೆಗಿಟ್ಟುಕೊಂಡರೆ ಸಕ್ಕರೆ ಏರುವ ವೇಗ ತಗ್ಗುತ್ತದೆ. ಊಟವಾದ ಕೂಡಲೇ ಚಾಪೆ ಹುಡುಕುವ ಬದಲು 15 ನಿಮಿಷ ಅಡ್ಡಾಡಿ. ಸಂಜೆ ಮಂಡಕ್ಕಿ ಹಗುರ ಎಂದು ಸೇರುಗಟ್ಟಲೆ ತಿನ್ನುವವರಿದ್ದಾರೆ. ಅದು ಉಬ್ಬಿದ ಅಕ್ಕಿ, ಸಕ್ಕರೆಯನ್ನು ಬೇಗ ಏರಿಸುತ್ತದೆ. ಹುರಿದ ಶೇಂಗಾ, ಈರುಳ್ಳಿ, ಸೌತೆಕಾಯಿ ಹೆಚ್ಚು ಹಾಕಿ ಮಂಡಕ್ಕಿ ಒಂದು ಹಿಡಿಯಷ್ಟೇ ಇರಲಿ. ಜಾಸ್ತಿ ತಿಂದೆವೆಂದು ರಾತ್ರಿ ಮಾತ್ರೆ ಎರಡು ನುಂಗುವುದಂತೂ ಸರ್ವಥಾ ಕೂಡದು. ಸಕ್ಕರೆ ಇಳಿಯುವುದು ನಿದ್ದೆಯಲ್ಲಿ, ನೋಡುವವರು ಯಾರೂ ಇರುವುದಿಲ್ಲ.

ದುಗ್ಗಮ್ಮನ ಜಾತ್ರೆಗೋ ನಾಯಕನಹಟ್ಟಿ ತೇರಿಗೋ ಹೋಗುವಾಗ ಪಾದದ ಸ್ಪರ್ಶ ಕುಂದಿದವರು ಬರಿಗಾಲಲ್ಲಿ ಬಿಸಿಲಿಗೆ ಇಳಿಯಬೇಡಿ. ಕಾದ ಟಾರು, ಕಲ್ಲು ಸುಟ್ಟರೂ ಗೊತ್ತಾಗುವುದಿಲ್ಲ. ಬೊಬ್ಬೆ ಒಡೆದು ಸಾಕ್ಸ್ ಒದ್ದೆಯಾದಾಗಷ್ಟೇ ತಿಳಿಯುತ್ತದೆ. ಗುಡಿಯೊಳಗೆ ಹೋಗುವಾಗ ದಪ್ಪ ಹತ್ತಿಯ ಸಾಕ್ಸ್ ಇರಲಿ, ಮನೆಗೆ ಬಂದ ಮೇಲೆ ಪಾದದಡಿ ಕನ್ನಡಿ ಹಿಡಿದು ನೋಡಿ.

ಜಾತ್ರೆ ಮನೆಯ ಅಡುಗೆ ವಿಚಾರದಲ್ಲಿ ಮಾಂಸಕ್ಕೆ ಇರುವ ಎಚ್ಚರ ಅನ್ನಕ್ಕೆ ಇರುವುದಿಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೆರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಅನ್ನ ಬೆಂದರೂ ಸಾಯುವುದಿಲ್ಲ. ಕೊಳಗದಲ್ಲಿ ಮುಚ್ಚಿಟ್ಟ ಬೆಚ್ಚನೆಯ ಅನ್ನದಲ್ಲಿ ಅದು ಬೆಳೆದು ವಿಷ ಉಗುಳುತ್ತದೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರವಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಸುಡು ಬೇಸಿಗೆಯಲ್ಲಿ ಒಂದು ಗಂಟೆಯೊಳಗೆ.

ವಾಂತಿ ಭೇದಿ ಶುರುವಾದರೆ ಸಕ್ಕರೆ ಕಾಯಿಲೆಯವರೂ ಓಆರ್‌ಎಸ್ ಕುಡಿಯಬಹುದು, ಅದರಲ್ಲಿ ಸಿಹಿ ಇದೆಯೆಂದು ಹೆದರಬೇಡಿ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆ ಗೀರಿದ ಅಳತೆ. ಮೆಟ್‌ಫಾರ್ಮಿನ್ ಮತ್ತು ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳನ್ನು ನಿಲ್ಲಿಸಿ ಅಂದೇ ವೈದ್ಯರಿಗೆ ತಿಳಿಸಿ. ಇನ್ಸುಲಿನ್ ಮಾತ್ರ ತಾನಾಗಿ ನಿಲ್ಲಿಸುವಂತಿಲ್ಲ, ನಾಲ್ಕು ಗಂಟೆಗೊಮ್ಮೆ ಸಕ್ಕರೆ ನೋಡಿಕೊಂಡು ಪ್ರಮಾಣ ಕೇಳಿ. ನೀರೂ ದಕ್ಕದಿದ್ದರೆ, ಆರು ಗಂಟೆ ಮೂತ್ರವೇ ಬರದಿದ್ದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.