ಚೇಳು ಕಡಿಯಿತು, ರಜೆ

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸುಣ್ಣಕಲ್ಲಿನ ಒಂದು ಚಪ್ಪಡಿಯಿದೆ. ಎತ್ತರ ಅಡಿಗಿಂತ ತುಸು ಹೆಚ್ಚು. ಅದರ ಮೇಲೆ 40 ಆಳುಗಳ ಹೆಸರು, ಹೆಸರಿನ ಮುಂದೆ ಕಪ್ಪು ಮಸಿಯಲ್ಲಿ ಅವರು ಕೆಲಸಕ್ಕೆ ಬಾರದ ದಿನಗಳು, ಆ ದಿನಗಳ ನೆತ್ತಿಯ ಮೇಲೆ ಕೆಂಪು ಮಸಿಯಲ್ಲಿ ಕಾರಣ. ಸೆಬಾ ಎಂಬವನಿಗೆ ಚೇಳು ಕಡಿದಿದೆ. ಒಬ್ಬ ತನ್ನ ಸತ್ತ ಸೋದರನ ದೇಹ ಕೆಡದಂತೆ ಸಂಸ್ಕಾರ ಮಾಡಲು ಹೋಗಿದ್ದಾನೆ. ಮತ್ತೊಬ್ಬ ಮನೆಯಲ್ಲಿ ಬಿಯರ್ ಕಾಸುತ್ತಿದ್ದ. ಹೆಂಡತಿಯೋ ಮಗಳೋ ಮುಟ್ಟಾಗಿದ್ದಾಳೆಂದು ಮನೆಯಲ್ಲಿ ಉಳಿದವರೂ ಇದ್ದಾರೆ. ಇದು ಈಜಿಪ್ಟಿನ ಎರಡನೇ ರಾಮ್ಸೆಸ್ ಪಟ್ಟಕ್ಕೆ ಬಂದ 40ನೇ ವರ್ಷದ್ದು, ಅಂದರೆ ಸುಮಾರು 3,250 ವರ್ಷ ಹಿಂದಿನ ಹಾಜರಿ ಪಟ್ಟಿ.

ಈ ಆಳುಗಳೇ ರಾಜರ ಕಣಿವೆಯಲ್ಲಿ ಬಂಡೆ ಕೊರೆದು ಫೇರೋಗಳ ಸಮಾಧಿ ಕಟ್ಟಿದವರು, ಅದರ ಗೋಡೆಗಳಿಗೆ ಚಿತ್ರ ಬರೆದವರು. ನೈಲ್ ನದಿಯ ಪಶ್ಚಿಮ ದಂಡೆಯಾಚೆ, ಇಂದಿನ ಲಕ್ಸರಿಗೆ ಎದುರಾಗಿ, ದೈರ್ ಅಲ್-ಮದೀನಾದಲ್ಲಿ ಇವರ ಊರು. ಗೋಡೆಯೊಳಗೆ 70ರ ಆಸುಪಾಸು ಮನೆಗಳು. ಕುಡಿಯುವ ನೀರೂ ಹೊರಗಿನಿಂದ ಕತ್ತೆಗಳ ಮೇಲೆ ಬರಬೇಕು. ನಾಣ್ಯವಿಲ್ಲದ ಕಾಲ, ಸಂಬಳವೆಂದರೆ ಧಾನ್ಯ: ರೊಟ್ಟಿಗೆ ಗೋಧಿ, ಬಿಯರಿಗೆ ಬಾರ್ಲಿ. ಕಣಜ ಸರ್ಕಾರದ್ದು.

ಆ ಧಾನ್ಯ ತಡವಾದಾಗ ಈ ಊರಿನ ಆಳುಗಳು ಸುಮ್ಮನಿರಲಿಲ್ಲ. ಮೂರನೇ ರಾಮ್ಸೆಸ್‌ನ 29ನೇ ವರ್ಷ, ಸುಮಾರು ಕ್ರಿ.ಪೂ. 1157ರಲ್ಲಿ, ಉಳಿ ಕೆಳಗಿಟ್ಟು ಕಾವಲಿನ ಗೋಡೆಗಳನ್ನು ದಾಟಿ ಬಂದು ದೇವಾಲಯದ ಹಿಂಬದಿಯಲ್ಲಿ ಧರಣಿ ಕೂತರು. ಹಸಿವು, ಬಾಯಾರಿಕೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ, ಫೇರೋಗೆ ಹೇಳಿಕಳಿಸಿ ಎಂದರು. ಇದನ್ನು ದಾಖಲಿಸಿದ ಪಪೈರಸ್ ಈಗ ಇಟಲಿಯ ಟ್ಯೂರಿನ್‌ನಲ್ಲಿದೆ. ನಮಗೆ ಸಿಕ್ಕ ದಾಖಲೆಗಳಲ್ಲಿ ಇದಕ್ಕಿಂತ ಹಳೆಯ ಮುಷ್ಕರವಿಲ್ಲ. ಓದಿದಾಗ ನನಗೆ ಹೆಮ್ಮೆಯೆನಿಸುತ್ತದೆ.

ಹಾಜರಿ ಪಟ್ಟಿಗೆ ಮರಳೋಣ. ಅದರಲ್ಲಿ ಕಣ್ಣು ನೋವಿನ ಮಾತೂ ಬರುತ್ತದೆ. ಬಿಸಿಲು ಇಳಿಯದ ಆಳದಲ್ಲಿ, ಸುಣ್ಣಕಲ್ಲಿನ ದೂಳಿನ ನಡುವೆ ದುಡಿಮೆ. ಬೆಳಕಿಗೆ ಎಣ್ಣೆ ದೀಪ. ಎಷ್ಟು ಬತ್ತಿ ಉರಿಯಿತೆಂಬುದಕ್ಕೂ ಲೆಕ್ಕ. ಚಿತ್ರಗಾರರು ಮೊದಲು ಕೆಂಪು ಗೆರೆಯಲ್ಲಿ ಆಕೃತಿ ಬರೆಯುತ್ತಿದ್ದರು. ನುರಿತ ಕೈ ಅದನ್ನು ಕಪ್ಪು ಗೆರೆಯಲ್ಲಿ ತಿದ್ದುತ್ತಿತ್ತು. ಎಷ್ಟೋ ಕಡೆ ಆ ತಿದ್ದುಪಡಿ ಇಂದಿಗೂ ಕಾಣುತ್ತದೆ.

ಅಂಥ ಚಿತ್ರಗಾರರಲ್ಲಿ ಒಬ್ಬ ಪಾಯ್. ಕಲ್ಲಿನ ಚಕ್ಕೆಯ ಮೇಲೆ ಅವನು ಮಗನಿಗೆ ಬರೆದ ಪತ್ರ ಉಳಿದಿದೆ: ಕಣ್ಣಿಗೆ ಹಾಕಿಕೊಳ್ಳಲು ಜೇನುತುಪ್ಪ ತಾ, ಅಸಲಿ ಕಾಡಿಗೆ ತಾ, ಬೇಗ ಬಾ, ನಾನು ನಿನ್ನ ತಂದೆಯಲ್ಲವೇ? ದೃಷ್ಟಿಯನ್ನು ಹುಡುಕುತ್ತಿದ್ದೇನೆ, ಅದು ಹೊರಟುಹೋಗಿದೆ. ತರಬೇಕಾದ ಸಾಮಾನಿನಲ್ಲಿ ಇನ್ನೊಂದೂ ಇತ್ತು, ಕಾವಿಮಣ್ಣು.