ದಾನಿಯ ಕಣ್ಣು ಬಂದರೆ ದಾನಿ ಕಂಡದ್ದೂ ಬರುತ್ತದೆಯೇ?

ಪ್ರಶ್ನೆ: ಭತ್ತ ಒಕ್ಕುವಾಗ ಹೊಟ್ಟು ಸಿಡಿದು ಗಾಯವಾಗಿ ನಮ್ಮ ಅತ್ತೆಯವರ ಬಲಗಣ್ಣಿನಲ್ಲಿ ಹೂ ಬಿದ್ದಿದೆ. ಕಾರ್ನಿಯಾ ಕಸಿ ಮಾಡಿಸಿರೆಂದು ವೈದ್ಯರು ಹೇಳಿದ್ದಾರೆ. ಆದರೆ ಮೊಮ್ಮಗನ ಜೊತೆ ಕುಳಿತು ‘ದಿ ಐ’ ಚಿತ್ರ ನೋಡಿದ ಮೇಲೆ ಅವರು, ಸತ್ತವರ ಕಣ್ಣು ತಮಗೆ ಬೇಡವೆನ್ನುತ್ತಿದ್ದಾರೆ. ಚಿತ್ರದಲ್ಲಿರುವಂತೆ ನಿಜವಾಗಿಯೂ ಆಗುವುದುಂಟೇ?
– ಕಾರವಾರ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಆಗುವುದಿಲ್ಲ. ಪಾಂಗ್ ಸೋದರರು 2002ರಲ್ಲಿ ತೆರೆಗೆ ತಂದ ಆ ಚಿತ್ರದಲ್ಲಿ, ಐದನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡಿದ್ದ ಪಿಟೀಲು ವಾದಕಿಯೊಬ್ಬಳು ಕಸಿಯ ನಂತರ ಸತ್ತವರನ್ನು ಕಾಣತೊಡಗುತ್ತಾಳೆ. ಕನ್ನಡಿಯಲ್ಲಿ ಕಾಣುವ ಮುಖ ತನ್ನದಲ್ಲ, ದಾನಿಯದು ಎಂದು ಅವಳಿಗೆ ತಿಳಿಯುವಲ್ಲಿ ಕಥೆಯ ಗಂಟು ಬಿಚ್ಚಿಕೊಳ್ಳುತ್ತದೆ. ಇಂಥದೇ ಕಥೆಯ ಹಿಂದಿ ಚಿತ್ರ ‘ನೈನಾ’ 2005ರಲ್ಲಿ ಬಂದಾಗ, ಜನ ನೇತ್ರದಾನಕ್ಕೆ ಹಿಂಜರಿದಾರೆಂದು ನೇತ್ರವೈದ್ಯರು ವಿರೋಧಿಸಿದ್ದರು. ಚಿತ್ರವೊಂದಕ್ಕೆ ಅಷ್ಟು ಹೆದರಬೇಕೇ ಎಂದು ಆಗ ಅನಿಸಿದ್ದುಂಟು. ನಿಮ್ಮ ಪತ್ರ ಓದಿದ ಮೇಲೆ ಹಾಗೆನಿಸುವುದಿಲ್ಲ.

ಕಸಿಯಲ್ಲಿ ಬದಲಾಗುವುದು ಇಡೀ ಕಣ್ಣಲ್ಲ. ಕಪ್ಪುಗುಡ್ಡೆಯ ಮುಂದೆ ಇರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ, ರಕ್ತನಾಳಗಳೇ ಇಲ್ಲದ ಪಾರದರ್ಶಕ ಪದರವಷ್ಟೇ ಕಾರ್ನಿಯಾ. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಅಡುಗೆಮನೆಗೆ ಬೆಳಕು ಬೀಳಲೆಂದು ಮಾಡಿಗೆ ಗಾಜಿನ ಹಂಚು ಕೂರಿಸುತ್ತಾರಲ್ಲ, ಅದು ಮಳೆಗಾಲದಲ್ಲಿ ಪಾಚಿಗಟ್ಟಿ ಮಬ್ಬಾದಾಗ ಬೇರೆ ಮನೆಯ ಹಂಚನ್ನು ತಂದು ಹಾಕಿದರೆ ಒಳಗೆ ಬರುವುದು ಬಿಸಿಲೇ ಹೊರತು ಆ ಮನೆಯವರ ನೆರಳಲ್ಲ. ಬೆಳಕು ಬೀಳುವ ಅಕ್ಷಿಪಟಲ, ಹತ್ತು ಲಕ್ಷದಷ್ಟು ತಂತುಗಳ ದೃಷ್ಟಿನರ, ಕಂಡದ್ದನ್ನು ಗುರುತಿಸಿ ನೆನಪಿಡುವ ಮಿದುಳು ಇವೆಲ್ಲ ಅತ್ತೆಯವರವೇ ಆಗಿ ಉಳಿಯುತ್ತವೆ. ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಈ ಕಸಿಯನ್ನು ಮೊದಲು ಯಶಸ್ವಿಯಾಗಿ ಮಾಡಿದ್ದು 1905ರಲ್ಲಿ. ಇದೇನೂ ಹೊಸ ಪ್ರಯೋಗವಲ್ಲ.

ಹಾಗೆಂದು ಚಿತ್ರ ಪೂರ್ತಿ ಸುಳ್ಳೆಂದೂ ಹೇಳಲಾರೆ. ಮರಳಿ ಕಣ್ಣು ಬಂದವಳಿಗೆ ಎದುರಿನ ಮಸುಕು ಆಕೃತಿ ಏನೆಂದು ತಿಳಿಯದ ಆರಂಭದ ದೃಶ್ಯಗಳಲ್ಲಿ, ದೆವ್ವಗಳಿಗಿಂತ ಗಾಢವಾದ ಭಯವೂ ಸತ್ಯವೂ ಇದೆ. ಇಂಗ್ಲೆಂಡಿನಲ್ಲಿ ಕೂಸಾಗಿದ್ದಾಗಲೇ ಕುರುಡನಾದ ಸಿಡ್ನಿ ಬ್ರಾಡ್‌ಫರ್ಡ್‌ಗೆ 52ನೆಯ ವಯಸ್ಸಿನಲ್ಲಿ ಕಾರ್ನಿಯಾ ಕಸಿಯಾದಾಗ, ಮನೋವಿಜ್ಞಾನಿ ರಿಚರ್ಡ್ ಗ್ರೆಗರಿ ಅವನನ್ನು ಅಭ್ಯಸಿಸಿದರು. ಕೈಯಿಂದ ಮುಟ್ಟಿ ಕಲಿತಿದ್ದ ದೊಡ್ಡಕ್ಷರಗಳನ್ನು ಅವನು ಕಣ್ಣಿನಿಂದ ಕೂಡಲೇ ಓದಿದ. ಆದರೆ ಆಸ್ಪತ್ರೆಯ ಎತ್ತರದ ಕಿಟಕಿಯಿಂದ ನೋಡಿದಾಗ, ಕೈಯೂರಿ ಇಳಿದರೆ ನೆಲ ಸಿಕ್ಕೀತೆಂದು ಭಾವಿಸಿದ. ಕಾಣುವ ಲೋಕ ತಾನೆಣಿಸಿದಷ್ಟು ಚೆಂದವಿಲ್ಲವೆಂದು ಕೊರಗಿದ ಅವನು 1960ರಲ್ಲಿ ತೀರಿಕೊಂಡ. ಬದುಕಿಡೀ ಕಂಡು ಅನುಭವವಿರುವ ನಿಮ್ಮ ಅತ್ತೆಯವರಿಗೆ ಈ ತೊಡಕು ಇರುವುದಿಲ್ಲ. ಹೊಲಿಗೆ ಮಾಗಿ ನೋಟ ತಿಳಿಯಾಗಲು ಕೆಲವು ತಿಂಗಳು ಬೇಕಾಗಬಹುದು, ಔಷಧದ ಹನಿಯನ್ನು ತಪ್ಪಿಸುವಂತಿಲ್ಲ, ಕಣ್ಣು ಕೆಂಪಾಗಿ ನೋಯತೊಡಗಿದರೆ ಅಂದೇ ವೈದ್ಯರಿಗೆ ತೋರಿಸಬೇಕು.

ಇಲ್ಲದವರು ಕಾಣುವುದು ವೈದ್ಯಕೀಯದಲ್ಲಿಯೂ ಉಂಟು, ಆದರೆ ಚಿತ್ರಕ್ಕೆ ಪೂರ್ತಿ ತಿರುಗುಮುರುಗಾಗಿ: ಅದು ದೃಷ್ಟಿ ಬಂದಾಗಲ್ಲ, ಹೋಗುವಾಗ. ಕಣ್ಣು ಮಂದವಾದ ತಮ್ಮ ಅಜ್ಜ ಅಪರಿಚಿತ ಜನರನ್ನೂ ಹಕ್ಕಿಗಳನ್ನೂ ಕಾಣುತ್ತಿದ್ದುದನ್ನು ಸ್ವಿಸ್ ವಿಜ್ಞಾನಿ ಶಾರ್ಲ್ ಬಾನೆ 1760ರಲ್ಲಿ ದಾಖಲಿಸಿದರು. ಈ ಸ್ಥಿತಿಗೆ ಅವರದೇ ಹೆಸರಿದೆ. ಕಣ್ಣಿನಿಂದ ಬರುವ ಸುದ್ದಿ ಕಡಿಮೆಯಾದಾಗ ಮಿದುಳು ತಾನೇ ಚಿತ್ರ ಹೆಣೆಯುತ್ತದೆ, ಬುದ್ಧಿ ಸ್ಥಿಮಿತದಲ್ಲಿಯೇ ಇರುತ್ತದೆ. ಜಗಲಿಯಲ್ಲಿ ಯಾರೋ ಮಕ್ಕಳು ಕೂತಿದ್ದಾರೆಂದು ಅಜ್ಜಿ ಹೇಳಿದಾಗ ಚೌಡಿಗೆ ಕಾಯಿ ಒಡೆಸುವ ಮನೆಯವರು, ಅವರ ಕಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಕೊಡುವವರ ಕಡೆಯದೂ ಒಂದು ಮಾತು. ಸಾವಿನ ನಂತರ ಸಾಮಾನ್ಯವಾಗಿ ಆರು ಗಂಟೆಯೊಳಗೆ ಕಾರ್ನಿಯಾ ತೆಗೆಯಬೇಕು. ಘಟ್ಟದ ದಾರಿಯಲ್ಲಿ ತಂಡ ಬರಲು ಹೊತ್ತು ಹಿಡಿಯುವುದರಿಂದ ನೇತ್ರಭಂಡಾರಕ್ಕೆ ಮೊದಲು ಫೋನ್ ಮಾಡಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಫ್ಯಾನ್ ನಿಲ್ಲಿಸಬೇಕು. ಮೃತರು ಕನ್ನಡಕ ಹಾಕುತ್ತಿದ್ದರೆಂಬುದಾಗಲಿ, ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತೆಂಬುದಾಗಲಿ ಅಡ್ಡಿಯಲ್ಲ.