ಮರಿಗಿಂತ ಮೊದಲು ತಾಯಿಯನ್ನು ನೋಡಿ

ಮನೆಗೆ ಬಂದ ಐದಾರು ದಿನಕ್ಕೆ ನಾಯಿಮರಿ ಊಟ ಬಿಡುತ್ತದೆ. ಸಂಜೆ ಹೊತ್ತಿಗೆ ವಾಂತಿ, ಮರುದಿನ ರಕ್ತ ಬೆರೆತ ಭೇದಿ. ಆ ವಾಸನೆಯ ಪರಿಚಯವಿರುವ ನನ್ನಂಥ ಪಶುವೈದ್ಯರಿಗೆ ಕಿಟ್‌ನಲ್ಲಿ ಪರೀಕ್ಷೆ ಮಾಡುವ ಮುಂಚೆಯೇ ಅರ್ಧ ಉತ್ತರ ಸಿಕ್ಕಿರುತ್ತದೆ: ಮರಿಗಳ ಕರುಳಿಗೆ ತಗಲುವ ವೈರಸ್ ಕಾಯಿಲೆ, ಪಾರ್ವೋ. ಮನೆಯವರು ಮಾರಿದವನಿಗೆ ಫೋನ್ ಮಾಡುತ್ತಾರೆ. "ನಮ್ಮ ಹತ್ರ ಇದ್ದಾಗ ಚೆನ್ನಾಗೇ ಆಡ್ಕೊಂಡಿತ್ತು ಸಾರ್, ನೀವೇ ಏನೋ ತಿನ್ನಿಸಿರ್ಬೇಕು" ಅನ್ನುತ್ತಾನೆ. ಅವನ ಮಾತಿನ ಮೊದಲರ್ಧ ನಿಜವೇ. ಪಾರ್ವೋ ವೈರಸ್ ಮೈಸೇರಿ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಹಿಡಿಯುತ್ತದೆ. ನಾಯಿಗಳ ಇನ್ನೊಂದು ವೈರಸ್ ಕಾಯಿಲೆ ಡಿಸ್ಟೆಂಪರ್‌ಗೆ ಒಂದೆರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ನೀವು ದುಡ್ಡು ಎಣಿಸುವಾಗ ಬಾಲ ಅಲ್ಲಾಡಿಸುತ್ತಿದ್ದ ಮರಿಯ ಹೊಟ್ಟೆಯೊಳಗೆ ಕಾಯಿಲೆ ಆಗಲೇ ಸೇರಿಕೊಂಡಿರಬಹುದು. ಆದ್ದರಿಂದ ಮರಿ ಚುರುಕಾಗಿದೆಯೇ, ಮೂಗು ಒದ್ದೆಯಾಗಿದೆಯೇ ಎಂದು ನೋಡಿ ಕೊಂಡರೆ ಸಾಲದು. ನೋಡಬೇಕಾದದ್ದು ಅದು ಹುಟ್ಟಿದ ಜಾಗವನ್ನು, ಹೆತ್ತ ತಾಯಿಯನ್ನು, ಒಡಹುಟ್ಟಿದ ಮರಿಗಳನ್ನು.

"ಇದು ಹೋದ್ರೆ ಇನ್ನೊಂದು ಮರಿ ಕೊಡ್ತಾರಂತೆ ಮೇಡಂ, ಫ್ರೀ ರೀಪ್ಲೇಸ್‌ಮೆಂಟ್" ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ದಯವಿಟ್ಟು ತರಬೇಡಿ. ಕಾಯಿಲೆ ಇದ್ದ ಜಾಗದಿಂದಲೇ ಇನ್ನೊಂದು ಮರಿ, ಅದೂ ಕಾಯಿಲೆ ಬಂದುಹೋದ ಮನೆಗೆ! ಪಾರ್ವೋ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನಾಯಿಲ್ ಹಾಕಿ ಒರೆಸಿದರೆ ಸಾಯುವುದಿಲ್ಲ. ತೊಳೆದು ಸ್ವಚ್ಛ ಮಾಡಿದ ನೆಲಕ್ಕೆ ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಹಾಗೇ ಬಿಡಬೇಕು. ಕೈತೋಟದ ಮಣ್ಣಿಗೆ ಆ ಉಪಾಯವೂ ನಡೆಯದು. ಲಸಿಕೆ ಪೂರ್ತಿಯಾಗದ ಮರಿಯನ್ನು ಅಂಥ ಮನೆಗೆ ತರುವ ಮುಂಚೆ ತಿಂಗಳುಗಟ್ಟಲೆ ಕಾಯುವುದೇ ಕ್ಷೇಮ.

ಮರಿಯ ತಾಯಿ ಎಲ್ಲಿ ಎಂದು ಕೇಳಿದರೆ ಬರುವ ಉತ್ತರಗಳು ಹೆಚ್ಚೂಕಡಿಮೆ ಒಂದೇ. ಊರಿನ ತೋಟದಲ್ಲಿದೆ, ಹೊಸಬರನ್ನು ಕಂಡರೆ ಕಚ್ಚುತ್ತೆ, ಈಗಷ್ಟೇ ವಾಕಿಂಗ್‌ಗೆ ಕರ್ಕೊಂಡು ಹೋದ್ರು. "ನೀವ್ಯಾಕೆ ಅಲ್ಲೀತನಕ ಬರ್ತೀರಿ, ರಿಂಗ್ ರೋಡ್ ಬಂಕ್ ಹತ್ರ ನಾನೇ ತಂದ್ಕೊಡ್ತೀನಿ" ಎನ್ನುವ ಸೌಜನ್ಯ ಇವೆಲ್ಲಕ್ಕಿಂತ ಅಪಾಯದ್ದು. ಕೇಳುವವರು ಹೆಚ್ಚಾದ ಮೇಲೆ ಯಾವುದೋ ಹೆಣ್ಣುನಾಯಿಯನ್ನು ತಂದು ಇದೇ ತಾಯಿ ಎಂದು ನಿಲ್ಲಿಸುವುದೂ ಉಂಟು. ಇದನ್ನು ಕಂಡುಹಿಡಿಯಲು ವೈದ್ಯರೇ ಆಗಬೇಕಿಲ್ಲ. ಎರಡು ತಿಂಗಳು ಏಳೆಂಟು ಮರಿ ಸಾಕಿದ ನಾಯಿಯ ಮೈ ಸ್ವಲ್ಪ ಇಳಿದಿರುತ್ತದೆ. ಕೈಯಾಡಿಸಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತದೆ. ಮೊಲೆತೊಟ್ಟುಗಳು ಜೋತುಬಿದ್ದು, ಸುತ್ತ ಮರಿಗಳ ಉಗುರು ಗೀರಿದ ಗೆರೆಗಳಿರುತ್ತವೆ. ಮರಿಗಳನ್ನು ಬಿಟ್ಟರೆ ನೇರ ಹೊಟ್ಟೆಯಡಿಗೆ ನುಗ್ಗುತ್ತವೆ, ಅವುಗಳ ಸೂಜಿಹಲ್ಲಿಗೆ ಬೇಸತ್ತ ತಾಯಿ ಗುರ್ ಎಂದು ಎದ್ದು ಹೋಗುತ್ತದೆ. ಶಾಂಪೂ ಹಾಕಿ ಬಾಚಿದ ಮಿರುಗುವ ಕೂದಲು, ಹೊಟ್ಟೆಗೆ ಅಂಟಿದ ಪುಟ್ಟ ತೊಟ್ಟು, ಮರಿಗಳ ಕಡೆ ತಿರುಗಿಯೂ ನೋಡದ ನಾಯಿ ಕಂಡರೆ ಅದು ಬಾಡಿಗೆಗೆ ಬಂದದ್ದು ಎಂದೇ ತಿಳಿಯಿರಿ. ತಾಯಿಯ ಸ್ವಭಾವವನ್ನೂ ಗಮನಿಸಿ. ಮರಿಯಿದ್ದಾಗ ಒಂದಿಷ್ಟು ಸಿಡಿಮಿಡಿ ಸಹಜ. ಮನುಷ್ಯರನ್ನು ಕಂಡೊಡನೆ ಮೂಲೆ ಸೇರಿ ನಡುಗುವ ತಾಯಿಯ ಮರಿಗಳು ಮಾತ್ರ ಆ ಹೆದರಿಕೆಯನ್ನು ಹೊತ್ತುಕೊಂಡೇ ಬೆಳೆಯುತ್ತವೆ.

ಇನ್ನೊಂದು ಲೆಕ್ಕ ಇದೆ. ಹೆಣ್ಣುನಾಯಿ ಬೆದೆಗೆ ಬರುವುದು ಹೆಚ್ಚುಕಡಿಮೆ ಆರೇಳು ತಿಂಗಳಿಗೊಮ್ಮೆ. ಕ್ರಾಸ್ ಮಾಡಿಸಿದ ಮೇಲೆ ಗರ್ಭ ಸುಮಾರು 63 ದಿನ, ಹುಟ್ಟಿದ ಮರಿ ತಾಯಿಯ ಜೊತೆ ಇರಬೇಕಾದದ್ದು ಕನಿಷ್ಠ 8 ವಾರ. ಕ್ರಾಸ್ ಆದ ದಿನದಿಂದ ಮರಿ ನಿಮ್ಮ ಮನೆ ಸೇರಲು ನಾಲ್ಕು ತಿಂಗಳು ಬೇಕಾಯಿತು. ಹೀಗಿರುವಾಗ ಒಬ್ಬನೇ ಮನುಷ್ಯ ವಾಟ್ಸಾಪ್ ಸ್ಟೇಟಸ್‌ನಲ್ಲಿ ಇವತ್ತು ಲ್ಯಾಬ್ರಡಾರ್, ನಾಳೆ ಶಿಟ್ಜು, ನಾಡಿದ್ದು "ಹೆವಿ ಬೋನ್, ಪಂಚ್ ಫೇಸ್" ಎಂದು ಇನ್ನೊಂದು ತಳಿ ಹಾಕುತ್ತಿದ್ದರೆ ಅವನು ಬ್ರೀಡರ್ ಅಲ್ಲ, ದಲ್ಲಾಳಿ. ಹತ್ತು ಕಡೆಯ ಮರಿಗಳು ಅವನ ಒಂದೇ ಪಂಜರದಲ್ಲಿ ಕೂಡುತ್ತವೆ, ರಟ್ಟಿನ ಡಬ್ಬಿಯಲ್ಲಿ ರಾತ್ರಿ ಬಸ್ಸು ಹತ್ತುತ್ತವೆ. ಪಾರ್ವೋ ಹರಡಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕಿಲ್ಲ. ಫೋಟೋ ನೋಡಿ ಅಡ್ವಾನ್ಸ್ ಗೂಗಲ್ ಪೇ ಮಾಡಿದ ಮೇಲೆ ಮರಿಯೂ ಇಲ್ಲ, ಫೋನೂ ಸ್ವಿಚ್ ಆಫ್ ಆಗುವ ಕಥೆಗಳು ನಿಮಗೇ ಗೊತ್ತಿವೆ.

ವಯಸ್ಸಿನ ಸುಳ್ಳು ಎಲ್ಲಕ್ಕಿಂತ ಸಾಮಾನ್ಯ. ಮರಿಯ ತುಟಿ ಎತ್ತಿ ನೋಡಿ. ನಾಯಿಗೆ ಹಾಲುಹಲ್ಲು 28. ಮೂರನೇ ವಾರದ ಹೊತ್ತಿಗೆ ಮೂಡಲು ಶುರುವಾಗಿ, ಎಂಟು ವಾರಕ್ಕೆ ಹೆಚ್ಚಿನ ಮರಿಗಳಲ್ಲಿ ಎಲ್ಲವೂ ಬಂದಿರುತ್ತವೆ (ತೀರ ಸಣ್ಣ ತಳಿಗಳಲ್ಲಿ ಒಂಚೂರು ತಡ). "ಎರಡು ತಿಂಗಳು ತುಂಬಿದೆ" ಎಂದ ಮರಿಯ ಮುಂದಿನ ಹಲ್ಲು ಈಗಷ್ಟೇ ವಸಡು ಸೀಳಿ ಬರುತ್ತಿದ್ದರೆ, ನಡೆಯುವಾಗ ಹಿಂಭಾಗ ವಾಲುತ್ತಿದ್ದರೆ ಅದಕ್ಕೆ ತಿಂಗಳೇ ತುಂಬಿರಲಿಕ್ಕಿಲ್ಲ. "ಚಿಕ್ಕದಿದ್ದಾಗ ತಂದ್ರೆ ಬೇಗ ಹೊಂದ್ಕೊಳ್ಳುತ್ತೆ" ಎಂದು ಮಾರುವವರು ಹೇಳುವುದರ ಹಿಂದೆ ಬೇರೆಯೇ ಲೆಕ್ಕಾಚಾರವಿದೆ. ಐದನೇ ವಾರದಿಂದ ಮರಿಗಳು ಗಬಗಬ ತಿನ್ನುತ್ತವೆ, ಹುಳದ ಔಷಧಿ, ಮೊದಲ ಲಸಿಕೆ ಎಲ್ಲ ಬರುವುದು ಆಗಲೇ. ಆ ಖರ್ಚು ನಿಮ್ಮ ತಲೆಗೆ ಹೋಗಲಿ ಎಂಬುದು. ಇದರಿಂದ ಮರಿಗೆ ಆಗುವ ನಷ್ಟ ಮಾತ್ರ ದೊಡ್ಡದು. ಆಡುವಾಗ ಒಂದು ಮರಿ ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚುತ್ತದೆ, ಆಟ ನಿಲ್ಲುತ್ತದೆ. ಎಷ್ಟು ಕಚ್ಚಬಹುದು ಎಂಬ ಪಾಠ ಒಡಹುಟ್ಟುಗಳ ನಡುವೆ ಆಗುವುದು ಹೀಗೆ. ಒಂದು ತಿಂಗಳಿಗೇ ಎತ್ತಿಕೊಂಡು ಬಂದ ಮರಿಯ ಆ ಪಾಠ ನಿಮ್ಮ ಮಕ್ಕಳ ಕೈಮೇಲೆ ನಡೆಯುತ್ತದೆ.

"ವ್ಯಾಕ್ಸಿನ್ ಎಲ್ಲಾ ಕಂಪ್ಲೀಟ್" ಎಂದರೆ ನಂಬಬೇಡಿ. ಪಾರ್ವೋ, ಡಿಸ್ಟೆಂಪರ್ ಲಸಿಕೆ ಶುರುವಾಗುವುದೇ 6ರಿಂದ 8 ವಾರಕ್ಕೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವ ತನಕ ಲಸಿಕೆ ಸರಿಯಾಗಿ ನಾಟುವುದಿಲ್ಲ. ಅದು ಯಾವಾಗ ಇಳಿಯುತ್ತದೆಂಬುದರಲ್ಲಿ ಮರಿಯಿಂದ ಮರಿಗೆ ವ್ಯತ್ಯಾಸ. ಅದಕ್ಕೇ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರ ತುಂಬುವ ತನಕ ಹಾಕುತ್ತೇವೆ, ರೇಬಿಸ್ ಚುಚ್ಚುಮದ್ದು ಮೂರು ತಿಂಗಳಿಗೆ. 45 ದಿನದ ಮರಿಗೆ ಎಲ್ಲವೂ ಮುಗಿದಿರಲು ಸಾಧ್ಯವೇ ಇಲ್ಲ. ಪುಸ್ತಕದಲ್ಲಿ ಲಸಿಕೆಯ ಬಾಟಲಿಯಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್, ಅದರ ಮೇಲೆ ಬ್ಯಾಚ್ ನಂಬರು, ಪಕ್ಕದಲ್ಲಿ ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ಸ್ಟಿಕ್ಕರ್ ಇದ್ದು ಸಹಿ ಇಲ್ಲದ ಪುಸ್ತಕಗಳು ಬೇಕಾದಷ್ಟು ನನ್ನ ಟೇಬಲ್ಲಿಗೆ ಬರುತ್ತವೆ. ಅಂಥ ಮರಿಗೆ ನಾನು ಲಸಿಕೆಯನ್ನು ಮೊದಲಿನಿಂದ ಶುರುಮಾಡುತ್ತೇನೆ.

ಕೆಸಿಐ ಪೇಪರ್ ಬಗ್ಗೆ ಒಂದು ಮಾತು. ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ಪತ್ರ ಮರಿಯ ವಂಶಾವಳಿಯನ್ನು ದಾಖಲಿಸುತ್ತದೆ, ಆರೋಗ್ಯಕ್ಕೆ ಅದು ಜಾಮೀನಲ್ಲ. ಲ್ಯಾಬ್, ಜರ್ಮನ್ ಶೆಫರ್ಡ್ ಆದರೆ ವಂಶದಲ್ಲಿ ಬರುವ ಕೀಲಿನ ದೋಷ ಇದೆಯೇ ತಿಳಿಯಲು ತಂದೆತಾಯಿಯ ಸೊಂಟದ ಎಕ್ಸ್-ರೇ ಕೇಳಿ. ತೋರಿಸುವವರು ತೀರ ಕಡಿಮೆ, ಆದರೂ ಕೇಳಿ. ಪತ್ರದಲ್ಲಿರುವ ಮೈಕ್ರೋಚಿಪ್ ನಂಬರು 15 ಅಂಕಿಯದು. ಅಕ್ಕಿಕಾಳಿನಷ್ಟಿರುವ ಆ ಚಿಪ್ ಮರಿಯ ಭುಜಗಳ ನಡುವೆ ಚರ್ಮದಡಿ ಇರುತ್ತದೆ. ಸ್ಕ್ಯಾನರ್ ಇರುವ ಕ್ಲಿನಿಕ್‌ನಲ್ಲಿ ಓದಿಸಿ, ಪತ್ರಕ್ಕೆ ತಾಳೆ ನೋಡಿ.

ಇಷ್ಟೆಲ್ಲ ಹೇಳಿದಾಗ ಜನ ಯಾವುದೋ ದೊಡ್ಡ ದಂಧೆಯನ್ನು ಊಹಿಸಿಕೊಳ್ಳುತ್ತಾರೆ. ನಾನು ಕಾಣುವುದು ಹೆಚ್ಚಾಗಿ ನಮ್ಮ ನಿಮ್ಮಂಥವರನ್ನೇ. ಮೂರನೇ ಮಹಡಿಯ ತಾರಸಿಯಲ್ಲಿ ತಗಡಿನ ಚಪ್ಪರ, ಎರಡು ಪಂಜರ, ಸಂಬಳದ ಜೊತೆಗೆ ಒಂದಿಷ್ಟು ಮೇಲಾದಾಯ. "ಒಂದ್ಸಲ ಮರಿ ಹಾಕಿಸಿದ್ರೆ ಅದರ ಆರೋಗ್ಯಕ್ಕೂ ಒಳ್ಳೇದಂತಲ್ಲ ಮೇಡಂ?" ಎಂದು ಕೇಳುವವರು ಇನ್ನೂ ಕಮ್ಮಿಯಾಗಿಲ್ಲ. ಒಳ್ಳೆಯದೇನೂ ಆಗುವುದಿಲ್ಲ. ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾವನ್ನು ತಡೆಯುವುದು ಸಂತಾನಹರಣ ಶಸ್ತ್ರಚಿಕಿತ್ಸೆ, ಮರಿ ಹಾಕಿಸುವುದಲ್ಲ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಸಿಸೇರಿಯನ್ ಆಗಬೇಕಾಗಿ ಬರಬಹುದು, ಹಾಲೂಡಿಸುವಾಗ ಕ್ಯಾಲ್ಸಿಯಂ ಇಳಿದು ಸಣ್ಣ ನಾಯಿಗಳು ಸೆಟೆದುಕೊಂಡು ಬೀಳುತ್ತವೆ. ಕ್ರಾಸ್‌ಗೆ ಬಂದ ಗಂಡುನಾಯಿಯ (ಸ್ಟಡ್) ಮಾಲೀಕರಿಗೆ ಒಂದು ಮರಿ ಕೊಟ್ಟು, ಉಳಿದವಕ್ಕೆ ಎರಡು ತಿಂಗಳು ಊಟ, ಔಷಧಿ ಹಾಕಿ ಮಾರಿದರೆ ಮಿಗುವುದು ಅಷ್ಟಕ್ಕಷ್ಟೇ. ಹೆಚ್ಚು ಮಿಗಬೇಕೆಂದರೆ ಊಟ, ಔಷಧಿ, ತಾಯಿಗೆ ಕೊಡುವ ವಿಶ್ರಾಂತಿ ಇವುಗಳಲ್ಲೇ ಕತ್ತರಿ ಹಾಕಬೇಕು.

ಕಾನೂನು ಇಲ್ಲವೇ ಎಂದರೆ ಇದೆ. 2017ರಲ್ಲಿ ಬಂದ ಕೇಂದ್ರದ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. 8 ವಾರ ತುಂಬದ ಮರಿ ಮಾರುವಂತಿಲ್ಲ. ಹೆಣ್ಣುನಾಯಿಗೆ 18 ತಿಂಗಳಾಗುವ ಮುಂಚೆ ಕ್ರಾಸ್ ಮಾಡಿಸುವಂತಿಲ್ಲ, ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದೇ. ನೋಂದಣಿ ಪತ್ರ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಆದರೆ ಇದರ ಮೂಲವಾದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲ ಸಿಕ್ಕಿಬಿದ್ದವರಿಗೆ ದಂಡ 10ರಿಂದ 50 ರೂಪಾಯಿ. ಒಂದು ಮರಿಯ ಬೆಲೆಯ ಮುಂದೆ ಇದು ಟೀ ಕಾಸು. ಸದ್ಯಕ್ಕೆ ಕೊಳ್ಳುವವರು ಕೇಳುವ ಪ್ರಶ್ನೆಗಳೇ ಈ ನಿಯಮಕ್ಕಿರುವ ಬಲ.

ತಳಿಯ ಆಯ್ಕೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಹಸ್ಕಿ, ಸೇಂಟ್ ಬರ್ನಾರ್ಡ್ ತರುವುದು ಅನ್ಯಾಯ. ನಮ್ಮದೇ ನಾಯಿ ಬೇಕೆನ್ನುವವರಿಗೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಆದರೆ ಮುಧೋಳ ಬೇಟೆನಾಯಿ. ಓಡಲು ಜಾಗ ಬೇಕು, ಪಕ್ಕದ ಮನೆಯ ಕೋಳಿ, ಬೆಕ್ಕು ಕಂಡರೆ ಅದು ನಿಮ್ಮ ಮಾತು ಕೇಳುವುದಿಲ್ಲ. ಎರಡು ಬೆಡ್‌ರೂಮಿನ ಫ್ಲ್ಯಾಟ್‌ಗೆ ಹೇಳಿದ್ದಲ್ಲ.

ಪಂಜರದಲ್ಲಿ ಕಣ್ಣು ಕೀವುಗಟ್ಟಿದ ಮರಿ ನೋಡಿ "ಇಲ್ಲೇ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ" ಎಂದು ಕೊಂಡು ತರುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಿಮ್ಮ ಕನಿಕರ ಮಾರುವವನ ಖಾತೆಗೆ ಮಾರಾಟವಾಗಿಯೇ ಜಮೆಯಾಗುತ್ತದೆ, ಖಾಲಿಯಾದ ಪಂಜರಕ್ಕೆ ವಾರದೊಳಗೆ ಇನ್ನೊಂದು ಮರಿ ಬರುತ್ತದೆ. ಫೋಟೋ ತೆಗೆದು ದೂರು ಕೊಡಿ, ಕೊಳ್ಳಬೇಡಿ. ಆ ಕನಿಕರಕ್ಕೆ ಬೀದಿಯಲ್ಲೇ ಜಾಗವಿದೆ. ಬೆಂಗಳೂರಿನ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆಗಳಲ್ಲಿ ಬೀದಿ ಮರಿಗಳ ಜೊತೆಗೆ, ಮನೆಯವರು ಬಿಟ್ಟುಹೋದ ಜಾತಿನಾಯಿಗಳೂ ಕಾಯುತ್ತಿರುತ್ತವೆ. ನಿಮ್ಮ ಬೀದಿಯಲ್ಲೇ ಹುಟ್ಟಿದ ಮರಿಯಾದರೆ, ತಾಯಿ ಜೊತೆಗಿರುವಷ್ಟು ದಿನ ಅಲ್ಲೇ ಬಿಡಿ. ತಾಯಿಗೆ ದಿನಾ ಒಂದು ಹೊತ್ತು ಅನ್ನ ಹಾಕಿ, ಮರಿಗಳ ಹುಳದ ಔಷಧಿ ನಮ್ಮ ಹತ್ತಿರ ಕೇಳಿ ಪಡೆಯಿರಿ. ಎಂಟು ವಾರ ತುಂಬಿದ ಮೇಲೆ ಮನೆಗೆ ತನ್ನಿ. ತಾಯಿಯ ಸಂತಾನಹರಣಕ್ಕೆ ಪಾಲಿಕೆಗೆ ಫೋನ್ ಮಾಡುವುದನ್ನು ಮಾತ್ರ ಮರಿ ಸಿಕ್ಕ ಖುಷಿಯಲ್ಲಿ ಮುಂದೂಡಬೇಡಿ. ಆರು ತಿಂಗಳಿಗೆ ಅದು ಮತ್ತೆ ಬೆದೆಗೆ ಬರುತ್ತದೆ.